ಕರಡಿ ಕ್ಯಾಮೆರಾ ಬದಲಿಸಿದ್ದು

ಜೇನು ಬಿಟ್ಟರೆ ಫೋಟೋ ಎನ್ನುತ್ತಿದ್ದ ಕರಡಿಗೆ ಒಂದೇ ಕೊರಗು, ತೆಗೆದದ್ದೆಲ್ಲ ಮಬ್ಬು. ಕುಣಿಯುವ ನವಿಲು ಕೂಡ ಮಂಜಿನಲ್ಲಿ ಕೊಡೆ ಬಿಚ್ಚಿದ ಹಾಗೆ ಕಾಣುತ್ತಿತ್ತು. ಕ್ಯಾಮೆರಾಗೆ ವಯಸ್ಸಾಯಿತೆಂದು ಕರಡಿ ಕೋತಿಯ ಅಂಗಡಿಗೆ ಹೋಯಿತು.

"ಇದು ಹೊಸ ಮಿರರ್‌ಲೆಸ್ ಕ್ಯಾಮೆರಾ, ಸ್ವಾಮಿ. ಅಂಗೈಯಷ್ಟೇ ಇದ್ದರೂ ಓಡುವ ಮೊಲದ ಕಣ್ಣನ್ನು ಹುಡುಕಿ ಹಿಡಿಯುತ್ತದೆ" ಎಂದಿತು ಕೋತಿ.

ಕರಡಿಯ ಹೆಗಲಲ್ಲಿದ್ದ ಹಳೆಯ ಕ್ಯಾಮೆರಾಗೆ ತಡೆಯಲಾಗಲಿಲ್ಲ. "ಯಜಮಾನರೇ, ನನ್ನ ಕಣ್ಣು ಚೆನ್ನಾಗಿಯೇ ಇದೆ. ಫೋಟೋ ತೆಗೆಯುವ ಮುಂಚೆ ನೀವು ಲೆನ್ಸ್ ನೆಕ್ಕುವುದನ್ನು ಬಿಟ್ಟರೆ ಸಾಕು."

ಕರಡಿಗೆ ಸಿಟ್ಟು ಬಂತು. "ನಮ್ಮ ಕುಲದಲ್ಲಿ ಮಕ್ಕಳನ್ನು ನೆಕ್ಕಿಯೇ ಶುಚಿ ಮಾಡುವುದು. ನಿನ್ನನ್ನೂ ಮಗುವಿನಂತೆಯೇ ನೋಡಿಕೊಂಡೆ. ಈಗ ಹೊಟ್ಟೆಕಿಚ್ಚಿಗೆ ನನ್ನ ನಾಲಿಗೆಯನ್ನೇ ದೂರುತ್ತೀಯಾ?" ಎಂದು ಗದರಿ, ಅದನ್ನು ಕೋತಿಗೆ ಕೊಟ್ಟು ಹೊಸದನ್ನು ಎತ್ತಿಕೊಂಡಿತು.

ಹೊಸ ಕೂಸನ್ನು ಎದೆಗವಚಿಕೊಂಡು, ವಾಡಿಕೆಯಂತೆ ಅದರ ಲೆನ್ಸನ್ನು ಚೆನ್ನಾಗಿ ನೆಕ್ಕಿ, ಅಲ್ಲಿಯೇ ಕೋತಿಯದೊಂದು ಫೋಟೋ ತೆಗೆಯಿತು. ನೋಡಿದರೆ ಅದೂ ಮಬ್ಬು.

ಕರಡಿ ಬಹಳ ಹೊತ್ತು ಯೋಚಿಸಿತು. ಆಮೇಲೆ ಕ್ಯಾಮೆರಾವನ್ನು ಮೆಲ್ಲಗೆ ಕೋತಿಯ ಮುಂದಿಟ್ಟು, "ಪಾಪ, ಇದಕ್ಕೂ ವಯಸ್ಸಾಗಿಬಿಟ್ಟಿದೆ. ಇದಕ್ಕಿಂತ ಹೊಸದು ತೋರಿಸು" ಎಂದಿತು.