ಬೆಂಡೆಕಾಯಿ ಹೂವಿನ ಮೇಷ್ಟ್ರು

ನಮ್ಮೂರಲ್ಲಿ ಪೆದ್ದ ಯಾರು ಅಂತ ಕೇಳಿ ನೋಡಿ. ಜನ ಬಿಡಿ, ಬೀದಿ ನಾಯೀನೂ ನಮ್ಮನೆ ಕಡೆ ಮೂತಿ ತೋರಿಸುತ್ತೆ. ಆ ಪೆದ್ದ ನಾನೇ, ಬೋರಲಿಂಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು, ಅದೊಂದೇ ನನ್ನ ರೋಗ. ನಮ್ಮವ್ವ ಹೊನ್ನಮ್ಮ ಶಾಲೇಲಿ ಬಿಸಿಯೂಟ ಮಾಡ್ತಾಳೆ. "ಇವನಿಗೊಂದು ದಾರಿ ತೋರ್ಸಪ್ಪಾ ದೇವ್ರೇ!" ಅಂತ ಒಲೆ ಮುಂದೆ ಅಳ್ತಿದ್ಲು. ದೇವರು ತೋರಿಸಲಿಲ್ಲ, ಹೆಡ್ ಮೇಡಂ ತೋರಿಸಿದ್ರು. ಡ್ರಾಯಿಂಗ್ ಮೇಷ್ಟ್ರು ಕಾಲು ಮುರ್ಕೊಂಡು ಮಲಗಿದ್ರು. ನಾನು ಎತ್ತಿನಗಾಡಿಗೆ ಬಣ್ಣ ಬಳೀತಿದ್ದೆನಲ್ಲ, ಅಷ್ಟು ಸಾಕಾಯ್ತು.

"ಯುಗಾದಿ ಬಂತು ಬೋರಲಿಂಗ, ಮರ ಚಿಗುರೋ ಕಾಲ. ಮಕ್ಕಳ ಕೈಲಿ ಒಂದೊಂದು ಮರ ಬರೆಸಪ್ಪ. ಶನಿವಾರ ಸಾಹೇಬ್ರು ಶಾಲೆ ನೋಡೋಕೆ ಬರ್ತಾರೆ. ಅವರು ಮೆಚ್ಚಿದ್ರೆ ಕೆಲಸ ನಿಂದೇ!"

ಸರಿ, ಬರೆಸಿದೆ. ಒಬ್ಬರ ಕೈಲಿ ಒಬ್ಬರು ಮರ ಬರೆದ್ರು. ಅಂಗೈ ತುಂಬಾ ಕೊಂಬೆ, ಬೆರಳ ತುದೀಲಿ ಚಿಗುರು. ಎಷ್ಟು ಚೆನ್ನಾಗಿತ್ತು ಅಂತೀರಾ! ಮಧ್ಯಾಹ್ನ ಕೈ ತೊಳೆದ್ರು, ಕಾಡೆಲ್ಲ ಬಚ್ಚಲಿಗೆ ಹೋಯ್ತು.

ಅವ್ವ ಹಣೆ ಚಚ್ಚಿಕೊಂಡ್ಲು. "ಕೈಗಲ್ಲ ಕಣೋ, ಹಾಳೆಗೆ! ಇನ್ಮೇಲೆ ಏನೇ ಕೊಟ್ರೂ ಹಾಳೆ ಮೇಲೆ ಹಾಕ್ಸು!"

"ಆಗ್ಲಿ ಕಣವ್ವಾ."

ಮಾರನೇ ದಿನ ಮೊದಲು ಏನು ಕೊಟ್ರು? ಊಟ ಕೊಟ್ರು. ಹಾಕಿಸಿದೆ, ಡ್ರಾಯಿಂಗ್ ಹಾಳೆ ಮೇಲೆ! ಅನ್ನ ಕೂತ್ಕೊಳ್ತು, ಸಾರು ಕೂರಲಿಲ್ಲ. ಮಕ್ಕಳ ಲಂಗ, ಚಡ್ಡಿ ಎಲ್ಲಾ ಸಾರುಮಯ.

"ಅಯ್ಯೋ ಮಂಕೇ! ಊಟ ತಟ್ಟೆಗೆ, ಬಣ್ಣ ಹಾಳೆಗೆ!" ಅವ್ವ ಸೌಟು ಎತ್ತಿದ್ಲು, ಆಮೇಲೆ ಇಳಿಸಿದ್ಲು. ಒಂದು ಬುಟ್ಟಿ ಬೆಂಡೆಕಾಯಿ ತಂದು ಮುಂದಿಟ್ಲು. "ಅಡ್ಡಕ್ಕೆ ಕೊಯ್ಯಿ. ಬಣ್ಣಕ್ಕೆ ಅದ್ದು. ಹಾಳೆ ಮೇಲೆ ಒತ್ತು. ಒಂದು ಕೆಂಪು, ಒಂದು ಹಸಿರು, ಮತ್ತೆ ಕೆಂಪು, ಮತ್ತೆ ಹಸಿರು. ತಿಳೀತಾ?"

ತಿಳೀತು! ದೇವರಾಣೆ ತಿಳೀತು! ಶನಿವಾರ ಬೆಳಿಗ್ಗೆ ಮಕ್ಕಳು ಹಾಳೆ ಮೇಲೆ ಬೋಳು ಮರ ಗೀಚಿ, ಕೊಂಬೆ ಕೊಂಬೆಗೂ ಒತ್ತಿದ್ದೇ ಒತ್ತಿದ್ದು. ಬೆಂಡೆಕಾಯಿ ಒತ್ತಿದಲ್ಲೆಲ್ಲ ಹೂವು! ಕೆಂಪು, ಹಸಿರು, ಕೆಂಪು, ಹಸಿರು. ಒಂದು ಪುಟಾಣಿ ನನ್ನ ಪಂಚೆ ಜಗ್ಗಿ, "ಮೇಷ್ಟ್ರೇ, ನನ್ ಮರ ಚಿಗುರ್ತು!" ಅಂದ್ಲು. ನನ್ನನ್ನ ಮೇಷ್ಟ್ರೇ ಅಂದ್ಲು! ಪಂಚೆ ಕೊಡವಿ ನೆಟ್ಟಗೆ ನಿಂತ್ಕೊಂಡೆ.

ಹೆಡ್ ಮೇಡಂ ಕೂಡ ನಕ್ಕರು. "ಭೇಷ್! ಮೂಲೇಲಿ ಇಡಬೇಡ. ಸಾಹೇಬ್ರು ಬಾಗಿಲು ತೆಗೀತಿದ್ದ ಹಾಗೇ ಕಣ್ಣಿಗೆ ಬೀಳ್ಬೇಕು."

ಕಣ್ಣಿಗೆ ತಾನೇ? ಬೀಳಿಸೋಣ! ಹಸಿಹಸಿ ಹಾಳೆಗಳನ್ನ ಮೊರಕ್ಕೆ ಹಾಕಿ, ಬಾಗಿಲ ಮೇಲೆ ಇಟ್ಟು, ಬಾಗಿಲು ತೆಗೆದ್ರೆ ಮಗುಚೋ ಹಾಗೆ ದಾರ ಕಟ್ಟಿದೆ.

ಸಾಹೇಬ್ರು ಬಂದ್ರು. ಬಾಗಿಲು ತೆಗೆದ್ರು. ದಬ್!

"ಬಿತ್ತಾ ಸಾರ್ ಕಣ್ಣಿಗೆ?" ಅಂದೆ.

ಒಂದು ಕೆನ್ನೆ ಮೇಲೆ ಕೆಂಪು ಹೂ, ಇನ್ನೊಂದರ ಮೇಲೆ ಹಸಿರು. ಮಕ್ಕಳು ಸಾಲಾಗಿ ಎದ್ದು ನಿಂತು, "ಕೆಂಪು! ಹಸಿರು! ಕೆಂಪು! ಹಸಿರು!" ಅಂತ ಕೂಗಿದ್ವು. ಸಾಹೇಬ್ರು ಕನ್ನಡಕ ಒರೆಸಿದ್ರು. ಒಂದು ಹಾಳೆ ಎತ್ತಿ ನೋಡಿದ್ರು. ಮೀಸೆ ಕೆಳಗೆ ನಗು ಇಣುಕ್ತು. "ಹೂ ಚೆನ್ನಾಗೇ ಬಂದಿದೆ ಕಣ್ರೀ" ಅಂದ್ರು.

ಅವ್ವ ಅಲ್ಲಿಗೆ ಸುಮ್ನಿದ್ದಿದ್ರೆ ನಾನು ಇವತ್ತಿಗೂ ಮೇಷ್ಟ್ರಾಗಿರ್ತಿದ್ದೆ. ಅಡುಗೆಮನೆಯಿಂದ ಓಡಿ ಬಂದು ಕೈ ಮುಗಿದ್ಲು. "ನನ್ ಮಗ ಪೆದ್ದ ಬುದ್ಧೀ! ಅವನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ!"

ತಪ್ಪು ಅಂದ್ರೆ ಯಾವುದು? ಆ ಹಾಳೆಗಳೇ ತಾನೇ! ಬಗ್ಗಿ ಒಂದನ್ನ ಎತ್ಕೊಂಡೆ. ವೀಳ್ಯದೆಲೆ ಹಾಗೆ ನೀಟಾಗಿ ಮಡಿಸಿದೆ. ಸಾಹೇಬ್ರ ತುಟಿ ಹತ್ರ ಹಿಡಿದೆ.

"ಆ ಅನ್ನಿ ಸಾರ್! ಹಾಗೇ ನುಂಗ್ತೀರೋ, ಸಾರಿಗೆ ಅದ್ದಿ ಕೊಡ್ಲೋ?"