ಹಸುರಾಗಿ ಉರಿದ ಕಡ್ಡಿ

ಹೊಳೆ ದಂಡೆಯ ಮೇಲೆ ಒಂದು ಮಠ. ಹಿಂದೊಮ್ಮೆ ಈ ಕಥೆ ಹೇಳಿದಾಗ ಅದನ್ನು ಗುಡ್ಡದ ಮೇಲೆ ಇಟ್ಟಿದ್ದೆ. ಕೇಳುವವರಿಗೆ ಹತ್ತಿ ಇಳಿಯುವುದು ತ್ರಾಸಾಯಿತು, ಅದಕ್ಕೇ ಕೆಳಗೆ ತಂದೆ. ಉಳಿದದ್ದೆಲ್ಲ ನಡೆದ ಹಾಗೇ ಇದೆ, ಹೆಚ್ಚು ಕಡಿಮೆ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ವಯಸ್ಸು ಎಂಬತ್ತರ ಮೇಲೆ. ನೂರಾ ಹತ್ತು ಎಂದು ನಾನೇ ಒಮ್ಮೆ ಹಬ್ಬಿಸಿದ್ದೆ. ಅವರೂ ತಿದ್ದಲಿಲ್ಲ.

ಅವರ ಶಿಷ್ಯೆ ಕಾಳವ್ವ, ತಾಮ್ರದ ಕೊಡ ಬಡಿಯುವ ಕಂಚುಗಾರರ ಮಗಳು. ಹನ್ನೊಂದು ವರ್ಷ ಮಠದ ಅಂಗಳ ಗುಡಿಸಿ, ಪಾಠ ಕಲಿತು, ಈಗ ತಾನೇ ಪಾಠ ಹೇಳುವಷ್ಟಾಗಿದ್ದಳು. ಬಾಕಿ ಇದ್ದದ್ದು ಕಾವಿ ಬಟ್ಟೆಯೊಂದೇ. ಅದು ಹೆಗಲ ಮೇಲಿಲ್ಲದವರ ಮುಂದೆ ಆ ಸೀಮೆಯಲ್ಲಿ ಯಾರೂ ಪಾಠಕ್ಕೆ ಕೂಡುತ್ತಿರಲಿಲ್ಲ.

ಆ ಬಟ್ಟೆ ಕೊಡುವುದಕ್ಕೊಂದು ಪದ್ಧತಿ ಇತ್ತು. ಹತ್ತಿ ಗಿಡದ ಒಂದು ಕಡ್ಡಿಯನ್ನು ಶಿಷ್ಯರು ತಮ್ಮ ಸ್ವಂತ ಪಾತ್ರೆಯ ನೀರಿನಲ್ಲಿ ಒಂಬತ್ತು ದಿನ ನೆನೆಸಬೇಕು. ಒಣಗಿಸಿ, ಹುಣ್ಣಿಮೆಯ ಬೆಳಿಗ್ಗೆ ಎಲ್ಲರೆದುರು ಬೆಂಕಿಗೆ ಹಿಡಿಯಬೇಕು. ಉರಿ ಹಳದಿ ಬಂದರೆ ಮನಸ್ಸು ಪಕ್ವವಾಗಿದೆ. ಬೇರೆ ಬಣ್ಣ ಬಂದರೆ ಒಳಗೆ ವಿಷ ಇದೆ.

ಬೇರೆ ಬಣ್ಣ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಕಾಳವ್ವನ ಕಡ್ಡಿ ಹಸುರಾಗಿ ಉರಿಯಿತು.

ಗಿಣಿಯ ರೆಕ್ಕೆಯಂಥ ಹಸುರು. ಮುಂದಿನ ಸಾಲಿನಲ್ಲಿ ಕೂತವರು ಸರಿದು ಎರಡನೇ ಸಾಲಿನವರ ತೊಡೆ ಮೇಲೆ ಕೂತರು.

ಪದ್ಧತಿಗೆ ಕಾವಲು ಇದ್ದವನು ಹಿರಿಯ ಶಿಷ್ಯ ಗುರುಪಾದಯ್ಯ. ಅವನು ಎದ್ದು ನಿಂತು, ಮುಂದಿನ ಹುಣ್ಣಿಮೆಗೆ ಇನ್ನೊಂದು ಸಲ ಕಡ್ಡಿ ಹಿಡಿಯಲಿ, ಆಗಲೂ ಹಸುರೇ ಬಂದರೆ ಗಂಟು ಕಟ್ಟಿಕೊಂಡು ಮಠ ಬಿಡಲಿ ಅಂದ.

ಎಲ್ಲರೂ ಅಜ್ಜಾರ ಕಡೆ ನೋಡಿದರು. ಅಜ್ಜಾರು ಕೆಮ್ಮಿದರು, ಅಷ್ಟೇ. ಕೆಮ್ಮು ಇರಲಿಲ್ಲ ಅವರಿಗೆ.

ಮಧ್ಯಾಹ್ನ ಕಾಳವ್ವ ಹೊಳೆಯ ಮೆಟ್ಟಿಲ ಹತ್ತಿರ ಅವರನ್ನು ಹಿಡಿದಳು.

“ಅಜ್ಜಾರ, ನನ್ನೊಳಗ ವಿಷ ಐತೇನ್ರಿ?”

“ತಂಬಿಗಿ ತಾ.”

ತಂದಳು. ಅಪ್ಪ ಬಡಿದು ಕೊಟ್ಟ ತಾಮ್ರದ ತಂಬಿಗೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಹೇಗೆ ತಿಕ್ಕಿದೆ ಎಂದು ಅಜ್ಜಾರು ಕೇಳಿದರು. ತವರಿನಲ್ಲಿ ಹಬ್ಬಕ್ಕೆ ತಿಕ್ಕುವ ಹಾಗೆ, ಹುಣಸೇಹಣ್ಣು ಹಾಕಿ ಅಂದಳು. ಒಳ್ಳೆಯ ಕಾರ್ಯಕ್ಕೆ ತಂಬಿಗೆ ಹೊಳೆಯುತ್ತಲೇ ಇರಲಿ ಎಂದು ಹುಳಿನೀರು ಚೆಲ್ಲದೆ ತಂಬಿಗೆಯಲ್ಲೇ ಬಿಟ್ಟು, ಅದರಲ್ಲೇ ಕಡ್ಡಿ ನೆನೆಸಿದ್ದಳು.

“ಹುಳಿ ತಾಮ್ರಾನ ತಿಂತು. ಕಡ್ಡಿ ಆ ನೀರು ಕುಡೀತು,” ಅಂದರು ಅಜ್ಜಾರು. “ಉರದದ್ದು ನೀನಲ್ಲ, ತಾಮ್ರ.”

ಹಾಗಾದರೆ ಉಳಿದವರದೆಲ್ಲ ಹಳದಿ ಯಾಕೆ ಎಂದು ಅವಳು ಕೇಳಿದಳು. ಅಜ್ಜಾರು ಅವಳನ್ನು ಅಡಿಗೆಮನೆಗೆ ಕಳಿಸಿದರು. ಒಂದು ಚಿಟಿಕೆ ಉಪ್ಪು ಒಲೆಗೆ ಹಾಕಿ ನೋಡಿ ಬಾ ಅಂದರು.

ಹೋದಳು, ಹಾಕಿದಳು. ಒಲೆಯ ಉರಿ ಹಳದಿಯಾಗಿ ಎದ್ದಿತು. ಅದೇ ಹಳದಿ. ಮಠದ ಬಾವಿಯ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಉಳಿದ ಶಿಷ್ಯರೆಲ್ಲ ಆ ನೀರನ್ನೇ ಮಣ್ಣಿನ ಗಡಿಗೆಯಲ್ಲಿ ತುಂಬಿ ಕಡ್ಡಿ ನೆನೆಸುತ್ತಿದ್ದರು.

ಅವಳು ವಾಪಸು ಬಂದಾಗ ಮುಖ ಕೆಂಪಾಗಿತ್ತು. ಒಲೆಯ ಝಳಕ್ಕೆ ಅಂತ ಅವಳು ಹೇಳಿದಳು. ಸುಳ್ಳು ಹೇಳುವುದರಲ್ಲಿ ನನ್ನಷ್ಟು ಪಳಗಿರಲಿಲ್ಲ.

“ಬೆಂಕಿ ಒಂದ, ಅಜ್ಜಾರ. ಉಪ್ಪಿಗೆ ಹಳದಿ, ತಾಮ್ರಕ್ಕ ಹಸುರು. ಯಾಕ?”

ಅಲ್ಲಿ ಅಕ್ಕಪಕ್ಕ ಎರಡು ಸಾಲು ಮೆಟ್ಟಿಲಿದ್ದವು. ಒಂದು ಸಾಲು ಹಳೆಯದು, ಎತ್ತರೆತ್ತರದ ಕಲ್ಲು. ಇನ್ನೊಂದು ಮುದುಕರಿಗಾಗಿ ಮಾಡಿದ್ದು, ಗಿಡ್ಡ ಕಲ್ಲು. ಅಜ್ಜಾರು ಅವಳಿಗೆ ಎತ್ತರದ ಮೆಟ್ಟಿಲು ಹತ್ತಿ ಒಂದೊಂದೇ ಕೆಳಗೆ ಜಿಗಿ ಅಂದರು. ಜಿಗಿದಳು. ದೊಪ್ಪ್ ಅಂತು. ಗಿಡ್ಡ ಮೆಟ್ಟಿಲಿಂದ ಜಿಗಿಯಲು ಹೇಳಿದರು. ಟಪ್ಪ್ ಅಂತು.

“ಈಗ ಒಂದು ಮೆಟ್ಟಲಕ್ಕೂ ಅದರ ಕೆಳಗಿಂದಕ್ಕೂ ನಡುವ ನಿಲ್ಲು.”

“ಅಲ್ಲಿ ಏನೈತ್ರಿ ನಿಲ್ಲಾಕ?”

“ಏನೂ ಇಲ್ಲ,” ಅಂದರು ಅಜ್ಜಾರು. “ಬೆಂಕಿ ಉಪ್ಪು, ತಾಮ್ರ ಎಲ್ಲಾನೂ ಮ್ಯಾಲ ಹತ್ತಸ್ತೈತಿ. ಮ್ಯಾಲ ಭಾಳ ಹೊತ್ತು ನಿಲ್ಲಾಕ ಆಗೂದಿಲ್ಲ, ಜಿಗೀತಾವ. ಜಿಗಿಯುವಾಗ, ಬೆಂಕಿ ಕೊಟ್ಟದ್ದನ್ನ ಬೆಳಕ ಮಾಡಿ ತಿರುಗಿ ಕೊಡ್ತಾವ. ತಾಮ್ರದ ಮೆಟ್ಟಲ ಉಪ್ಪಿಂದಕ್ಕಿಂತ ಎತ್ತರ. ಜಿಗಿದಷ್ಟ ಬಣ್ಣ, ನಡುವಿಂದು ಇಲ್ಲ.”

“ಆ ಮೆಟ್ಟಲ ಯಾರು ಕಟ್ಟಿದ್ದ್ರಿ?”

“ಬೆಂಕಿ ಅಂತೂ ಅಲ್ಲ. ಅವು ಅವರವರ ಒಳಗ ಮೊದಲ ಇರ್ತಾವ.”

ಕಾಳವ್ವ ಹೊಳೆ ನೋಡುತ್ತ ಕೂತಳು. ಇದನ್ನೆಲ್ಲ ಬಲ್ಲವರು ಬೆಳಿಗ್ಗೆ ಯಾಕೆ ಬರೀ ಕೆಮ್ಮಿದಿರಿ ಎಂದು ಆಮೇಲೆ ಕೇಳಿದಳು.

ಅಜ್ಜಾರು ಗಿಡ್ಡ ಮೆಟ್ಟಿಲು ಹಿಡಿದು ಮಠದ ಕಡೆ ಹತ್ತಿದರು.

ಹುಣ್ಣಿಮೆಗೆ ಹತ್ತು ದಿನ ಇದ್ದಾಗ ಗುರುಪಾದಯ್ಯ ತಾನಾಗಿ ಅವಳ ಗುಡಿಸಲಿಗೆ ಬಂದ. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ. ಕೆಟ್ಟ ಮನುಷ್ಯನಲ್ಲ ಅವನು. ನನಗೆ ಆಗದವನಾದರೂ ಇಷ್ಟು ಹೇಳಬೇಕು. ಪೊಟ್ಟಣದಲ್ಲಿ ಉಪ್ಪಿತ್ತು. ಮಳೆ ಹೆಚ್ಚಾಗಿ ಬಾವಿ ಸಪ್ಪೆಯಾದ ವರ್ಷ ಶಿಷ್ಯರ ಕಡ್ಡಿಗಳಿಗೆಲ್ಲ ತಾನೇ ಕೈಯಾರೆ ಉಪ್ಪು ಸವರಿದ್ದೇನೆ, ತನ್ನದಕ್ಕೂ ಹಿಂದಿನವರು ಸವರಿದ್ದರು, ಇದರಲ್ಲಿ ನಾಚಿಕೆ ಏನಿಲ್ಲ ಅಂದ. ಮಂದಿ ಹಳದಿ ನೋಡಿ ಕೈ ಮುಗಿಯುತ್ತಾರೆ, ಹಳದಿ ತೋರಿಸಿದರಾಯಿತು.

“ತಂಗೀ, ಒಂದು ಚಿಟಿಕಿ ಸಾಕು. ಹನ್ನೊಂದು ವರ್ಷ ಹೊಳ್ಯಾಗ ಹಾಕಬ್ಯಾಡ.”

ಪೊಟ್ಟಣ ಇಟ್ಟು ಹೋದ.

ಅವಳು ಅದನ್ನು ಅಜ್ಜಾರ ಮುಂದೆ ಇಟ್ಟಳು. ಏನು ಮಾಡಲಿ ಎಂದು ಕೇಳಿದಳು.

“ಕಡ್ಡಿ ನಿಂದು,” ಅಂದರು ಅಜ್ಜಾರು.

ಅಂದು ಮಠದ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು. ಪೊಟ್ಟಣ ಎಲ್ಲಿ ಹೋಯಿತು ಎಂಬುದನ್ನು ನಾನು ಬಿಡಿಸಿ ಹೇಳುವುದಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅಂಗಳ ತುಂಬಿತ್ತು. ಸುತ್ತಲಿನ ಏಳು ಊರಿನವರು ಬಂದಿದ್ದರು. ಸರಿ, ಮೂರು ಊರಿನವರು. ಕಾಳವ್ವ ತನ್ನ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿ ಬಾಗಿಲಲ್ಲಿಟ್ಟು ಬಂದಳು. ಗುರುಪಾದಯ್ಯ ಅವಳ ಕಡ್ಡಿ ನೋಡಿ, ಕಣ್ಣಲ್ಲೇ ಕೇಳಿದ. ಅವಳು ತಂಬಿಗೆ ಮೇಲೆತ್ತಿ ತೋರಿಸಿದಳು. ಹೊಸ ಹುಣಸೇಹಣ್ಣು, ಹೊಸ ಹುಳಿನೀರು, ಪೂರ್ತಿ ಒಂಬತ್ತು ದಿನ.

ಕಡ್ಡಿಯನ್ನು ಬೆಂಕಿಗೆ ಹಿಡಿದಳು.

ಮೊದಲಿಗಿಂತ ಹಸುರು.

ಗುರುಪಾದಯ್ಯ ಎದ್ದ. ಧ್ವನಿ ಸಣ್ಣಗಾಗಿತ್ತು. ಇನ್ನೊಂದು ಮಾತು ಉಳಿದಿದ್ದರೆ ಹೇಳು ಅಂದ.

“ಇದು ನನ್ನ ಅಪ್ಪನ ತಾಮ್ರದ ಉರಿ, ಅಣ್ಣಾರ,” ಅಂದಳು ಕಾಳವ್ವ. “ಇದನ್ನ ಬಣ್ಣಾ ಬದಲಿಸಿ ತೋರಸೂದಿಲ್ಲ. ಹಳದಿ ಬೇಕಂದ್ರ ಅಡಿಗಿಮನಿಗೆ ಹೋಗ್ರಿ.”

ತಂಬಿಗೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

ಆಗ ಅಜ್ಜಾರು ಎದ್ದರು. ಅವರು ಏಳುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಒಂದು ಕಡ್ಡಿ ತೆಗೆದುಕೊಂಡರು. ಸೊಂಟದಿಂದ ಎಲೆಅಡಿಕೆಯ ಸುಣ್ಣದ ಡಬ್ಬಿ ಬಿಚ್ಚಿದರು. ಸುಣ್ಣದ ಮೇಲೆ ನಿಂಬೆಹಣ್ಣು ಹಿಂಡಿ, ಕಡ್ಡಿ ಅದ್ದಿ, ಬೆಂಕಿಗೆ ಹಿಡಿದರು.

ಉರಿ ಇಟ್ಟಿಗೆಯ ಹಾಗೆ ಕೆಂಪಾಯಿತು.

“ನಾ ಸುಣ್ಣಾ ಸುಡವರ ಮಗ,” ಅಂದರು. “ನನ್ನ ಮೆಟ್ಟಲ ಗಿಡ್ಡ. ನನಗ ದೀಕ್ಷಾ ಆದಾಗ ನಾಚಿ, ಕಡ್ಡಿಗೆ ಉಪ್ಪು ಸವರಿದ್ದೆ. ಅವತ್ತಿಂದ ಕೆಮ್ಮಾಕ ಹತ್ತೀನಿ.”

ಹೆಗಲ ಮೇಲಿನ ಕಾವಿ ಬಟ್ಟೆ ತೆಗೆದು ಮಡಚಿ ನೆಲಕ್ಕಿಟ್ಟರು. ಕಾಳವ್ವನಿಗೆ ತಮ್ಮ ಮಣೆ ತೋರಿಸಿದರು. ಅವಳು ಕೂಡಲಿಲ್ಲ. ಅವರು ಮತ್ತೆ ತೋರಿಸಿದರು. ಕೂತಳು. ಅವಳ ಎದುರು, ಬರಿಯ ಹೆಗಲಲ್ಲಿ, ಪಾಠಕ್ಕೆ ಬಂದವರ ಹಾಗೆ ಅಜ್ಜಾರು ನೆಲದ ಮೇಲೆ ಕೂತರು.

ಅಂಗಳದಲ್ಲಿದ್ದ ಒಬ್ಬ ಮುದುಕಿ ಬಂದು ಅವರ ಪಕ್ಕ ಕೂತಳು. ಆಮೇಲೆ ಇನ್ನಿಬ್ಬರು.

ಗುರುಪಾದಯ್ಯ ಒಬ್ಬನೇ ನಿಂತಿದ್ದ. ಕೈಯನ್ನು ಧೋತ್ರಕ್ಕೆ ಒರೆಸಿಕೊಳ್ಳುತ್ತಿದ್ದ.

“ಅಜ್ಜಾರ, ಹಂಗಾದ್ರ ನಮ್ಮ ಪದ್ಧತಿ?”

ಅಜ್ಜಾರು ಹಿಂತಿರುಗಿ ನೋಡಲಿಲ್ಲ.

“ಇರ್ಲಿ ಬಿಡು, ಗುರುಪಾದ. ಹೊಳ್ಯಾಗ ಕೈ ತೊಳಕೊಂಡು ಒಂದು ಕಡ್ಡಿ ತಗೊಂಡು ಬಾ. ನಿನ್ನ ಬಣ್ಣಾ ನಾ ಇನ್ನೂ ನೋಡಿಲ್ಲ.”