ಶ್ರೀ ಕೈನೋಟದಮ್ಮ ನೆಲೆಸಿದ ತಾಯಿಬಾಗಿಲು

ಗಿರಿಗಹ್ವರಗಳಲ್ಲಿ ಜನಿಸಿ, ಶಿಲಾಸೋಪಾನಗಳನ್ನಿಳಿದು, ಸಮಸ್ತ ಜೀವಕೋಟಿಯ ದಾಹವನ್ನು ತಣಿಸುತ್ತ ಹರಿಯುವ ನೀಲಶಿಲಾ ನದಿಯ ತೀರದಲ್ಲಿ, ಮನುಷ್ಯರು ಇನ್ನೂ ನದಿಯ ಅಪ್ಪಣೆ ಕೇಳಿ ಬದುಕುತ್ತಿದ್ದ ಪುರಾತನ ಕಾಲದಲ್ಲಿ, ವೇತಸಮುನಿಯೆಂಬ ತಪೋಧನನು ಪರ್ಣಕುಟಿಯನ್ನು ರಚಿಸಿಕೊಂಡು ಬಹುಕಾಲ ತಪೋನಿರತನಾಗಿದ್ದನು. ಅದು ತ್ರೇತಾಯುಗವೋ ದ್ವಾಪರವೋ ಎಂಬ ವಿಷಯದಲ್ಲಿ ಇಲ್ಲಿನ ಅರ್ಚಕ ಮನೆತನದ ಎರಡು ಕವಲುಗಳ ನಡುವೆ ಇಂದಿಗೂ ಮಾತುಕತೆಯಿಲ್ಲವಾದ್ದರಿಂದ ನಾವು ಆ ಗೊಡವೆಗೆ ಹೋಗುವುದಿಲ್ಲ.

ಮುನಿಯು ಉತ್ತರದಿಕ್ಕಿಗೆ ಪ್ರಯಾಣ ಬೆಳೆಸುವಾಗ, ತನ್ನನ್ನು ನಿತ್ಯವೂ ದೋಣಿಯಲ್ಲಿ ದಾಟಿಸುತ್ತಿದ್ದ ಅಂಬಿಗರ ಕೇರಿಯವರನ್ನು ಕರೆದು ಒಂದೇ ಒಂದು ವಿಧಿಯನ್ನು ಹೇಳಿಹೋದನು. ಮುಂಗಾರಿನ ಮೊದಲ ಕೆನ್ನೀರು ಬಂದಾಗ, ಪ್ರವಾಹಕ್ಕೆದುರಾಗಿ ಈಜಿ, ಬಂಡೆಗಳನ್ನು ಹಾರಿ, ಮೇಲಣ ಜಲ್ಲಿನೆಲದಲ್ಲಿ ಮೊಟ್ಟೆಯಿಡಲು ಹೊಳೆ ಹತ್ತಿಹೋಗುವುದರಿಂದಲೇ ಹತ್ತುಮೀನೆಂದು ಹೆಸರಾದ ಮೀನುಗಳ ಪೈಕಿ, ಗರ್ಭಭಾರದಿಂದ ಬಳಲಿದ ತಾಯಿಮೀನುಗಳೆಲ್ಲ ದಾಟಿಹೋಗುವ ತನಕ ಹೊಳೆಗೆ ಕೂಳಿಯಿಡಬಾರದು; ದಾಟಿದವೆಂದು ಕಂಡು ಹೇಳುವ ಭಾರ ಕೇರಿಯ ಹಿರಿಯ ಹೆಂಗಸಿನದು. ಕೂಳಿಯೆಂದರೆ ಒಳಹೊಕ್ಕ ಮೀನು ಹೊರಬರಲಾರದಂತೆ ಬಿದಿರಿನಿಂದ ಹೆಣೆದ ಬುಟ್ಟಿ. ಹೊಳೆಗಡ್ಡಲಾಗಿ ತಡಿಕೆ ಕಟ್ಟಿ, ಅದರ ಸಂದುಗಳಲ್ಲಿ ಕೂಳಿಗಳನ್ನಿಟ್ಟರೆ ಕೇರಿಯ ಒಲೆಗಳು ಉರಿಯುತ್ತಿದ್ದವು. ಮೀನು ಮುಟ್ಟದ ಭಕ್ತರು ಇದನ್ನೋದಿ ಮುಖ ಸಿಂಡರಿಸಬೇಕಾಗಿಲ್ಲ. ದೇವಿಗೆ ಇಲ್ಲಿ ಹಣ್ಣುಕಾಯಿಯೇ ನೈವೇದ್ಯ.

ತಲೆಮಾರುಗಳುರುಳಿ ಆ ಭಾರವು ಮಾಳಬ್ಬೆಯೆಂಬ ಸಾಧ್ವಿಯ ಹೆಗಲಿಗೆ ಬಂದಿತು. ಹೊಳೆಯ ನಡುವಣ ಬಂಡೆಯ ಮೇಲೆ ಕುಳಿತು, ಕದಡಿದ ನೀರಿನೊಳಗೂ ಸಪೂರ ಮೈಯ ಗಂಡುಮೀನನ್ನೂ ತುಂಬುಹೊಟ್ಟೆಯ ತಾಯಿಮೀನನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲ ಅವಳ ಕಣ್ಣಿನ ಮೇಲೆ ಕೇರಿಗೆ ಎಷ್ಟು ನಂಬಿಕೆಯಿತ್ತೆಂದರೆ, ಅವಳು ಹೂಂ ಎನ್ನದೆ ಯಾರೂ ಕೂಳಿಯ ದಾರವನ್ನೂ ಬಿಚ್ಚುತ್ತಿರಲಿಲ್ಲ. ಆದರೆ ಕೆಲವು ಕಾಲದಿಂದ ಆ ಕಣ್ಣುಗಳಿಗೆ ಪೊರೆ ಬಂದಿತ್ತು. ಪಾಪ, ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡನನ್ನು ಹೊಳೆಯೇ ತೆಗೆದುಕೊಂಡಿತ್ತು, ಉಳಿದವಳು ಮಗಳು ಸೋವಕ್ಕ, ಅವಳೋ ತುಂಬಿದ ಬಸುರಿ. ಬಂಡೆಯ ಮೇಲಣ ಆ ಜಾಗವೂ ಹೋದರೆ ತಾನು ಯಾರಿಗೆ ಬೇಕು ಎಂಬ ಅಳುಕು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ವರ್ಷ ಮಳೆ ತಡವಾಯಿತು. ಮಡಕೆಗಳ ತಳ ಕಂಡಿತು. ಕೇರಿಯವರು ಕಾಡುಗೆಣಸನ್ನು ಬೇಯಿಸಿ ಕಾಲ ಹಾಕುತ್ತಿದ್ದರು. ಕೊನೆಗೂ ಕೆನ್ನೀರು ಬಂದಾಗ, ಕೇರಿಯ ಯಜಮಾನ ಕೋಮಣ್ಣನು ಬೆಳಗಾದೊಡನೆ ದಡಕ್ಕೆ ಬಂದು ನಿಲ್ಲುವನು.

"ತಾಯಂದಿರು ಹೋದರಾ ದೊಡ್ಡವ್ವ?"

"ಇಲ್ಲ ಮಗಾ. ತಡಕೊ."

ಹೀಗೆ ತಡೆದೂ ತಡೆದೂ, ಒಂದು ಮುಂಜಾನೆ ನೀರಿನೊಳಗೆ ಬೆಳ್ಳಿಯಂತೆ ಮಿನುಗುತ್ತ ದೊಡ್ಡದೊಂದು ಹಿಂಡು ಹಾದುಹೋದದ್ದು ಮಾಳಬ್ಬೆಗೆ ಮಸುಕಾಗಿ ಕಂಡಿತು. ಗಂಡುಮೀನುಗಳು ಮುಂದಾಗಿ ಹೋಗುತ್ತವೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ರಾತ್ರಿಯೆಲ್ಲ ಹಸಿವಿನಿಂದ ಹೊರಳಾಡಿದ ಮಗಳ ನರಳಾಟ ಕಿವಿಯಲ್ಲಿತ್ತು. ಕಂಡದ್ದು ತಾಯಿಮೀನುಗಳೇ ಆಗಿರಲೆಂದು ಮನಸ್ಸು ಬಯಸಿತು, ಬಯಸಿದ್ದನ್ನೇ ಬಾಯಿ ನುಡಿಯಿತು.

"ಹೋದರು," ಎಂದಳು.

ಕೇರಿಗೆ ಕೇರಿಯೇ ಹೊಳೆಗಿಳಿಯಿತು. ಹೊತ್ತು ನೆತ್ತಿಗೇರುವುದರೊಳಗೆ ತಡಿಕೆ ನಿಂತು, ಕೂಳಿಗಳು ಇಳಿದು, ಮೊದಲ ಮೀನು ರೂಢಿಯಂತೆ ಮಾಳಬ್ಬೆಯ ಮನೆಗೆ ಬಂತು. ಅದನ್ನು ಸೀಳಿದ ಸೋವಕ್ಕ ಕತ್ತಿಯನ್ನು ಹಾಗೆಯೇ ಕೆಳಗಿಟ್ಟಳು. ನಿಧಾನವಾಗಿ ನಡೆದು ಬಂಡೆಯ ಬಳಿ ಬಂದು, ಒಂದು ಹಿಡಿ ಮೀನ್ಮೊಟ್ಟೆಯನ್ನು ತಾಯಿಯ ಅಂಗೈಗೆ ಹಾಕಿದಳು.

"ಮುಟ್ಟಿ ನೋಡವ್ವ," ಎಂದಳು. ಆಮೇಲೆ ಮೆಲ್ಲಗೆ, "ಯಾವಾಗಿಂದ ಕಾಣಿಸ್ತಿಲ್ಲ ನಿಂಗೆ? ನನಗಾದ್ರೂ ಹೇಳಬಾರದಿತ್ತಾ?"

ಮಾಳಬ್ಬೆ ಆ ಮೊಟ್ಟೆಗಳನ್ನು ಬೆರಳುಗಳಿಂದ ತಡವಿ ನೋಡಿದಳು. ತಾಯಿಮೀನುಗಳು ಈಗಷ್ಟೇ ಬರತೊಡಗಿವೆ, ದಾರಿಯೆಲ್ಲ ಮುಚ್ಚಿದೆ, ಇವು ಮೇಲೇರದಿದ್ದರೆ ಮುಂದೆ ಹೊಳೆ ಬರೀ ನೀರಾಗಿ ಹರಿಯುತ್ತದೆ ಎಂದು ಅವಳಿಗೆ ಅರಿವಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ತಡಕಾಡುತ್ತ ಹೋಗಿ ತಡಿಕೆಯ ನಟ್ಟನಡುವಿನ ಕೂಳಿಯನ್ನು ಕಿತ್ತೆಸೆದು, ತೆರೆದ ಸಂದಿನಲ್ಲಿ ಎಡಗೈಯನ್ನು ಬಂಡೆಗೂರಿ, ಬಲಗೈಯನ್ನು ನೀರಿಗೆ ಚಾಚಿ ನಿಂತಳು.

ಕೋಮಣ್ಣ ಸಿಟ್ಟಿನಿಂದ ಓಡಿಬಂದ. "ದೊಡ್ಡವ್ವ! ಮಕ್ಕಳು ಅಳ್ತಾ ಕೂತವೆ, ಇದೇನು ಮಾಡ್ತಿದೀಯ?"

"ನನ್ನ ಕಣ್ಣು ಹೋಗ್ಯದೆ ಕೋಮಣ್ಣ. ಬೆಳಗ್ಗೆ ಹೋದವು ಗಂಡು. ತಾಯಂದಿರು ಈಗ ಬರ್ತಾವರೆ, ಕೈಗೆ ತಾಗ್ತಾವರೆ. ಬೈಯೋದಿದ್ರೆ ಆಮೇಲೆ ಬೈಯಿ, ಈಗ ಇವರನ್ನ ಬಿಡು."

ಬೈಯಲೆಂದು ಕೋಮಣ್ಣ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮೇಲಣ ಗಿರಿಯಲ್ಲಿ ಸುರಿದ ಮಳೆಯ ನೀರು ನುಗ್ಗಿಬಂದು ಮುದುಕಿಯ ಎದೆಯನ್ನು ಮುಟ್ಟಿತು. ಅವಳು ಅಲುಗಿದಳು, ಆದರೆ ಜಾಗ ಬಿಡಲಿಲ್ಲ. ಕೋಮಣ್ಣನು ತೆರೆದ ಬಾಯನ್ನು ಮುಚ್ಚಿಕೊಂಡು ನೀರಿಗಿಳಿದು, ತನ್ನ ಕೂಳಿಯನ್ನು ಮೇಲಕ್ಕೆತ್ತಿ ದಡಕ್ಕೆಸೆದು, ಅವಳ ಸೊಂಟವನ್ನು ಭದ್ರವಾಗಿ ಹಿಡಿದುಕೊಂಡನು. ಅವನನ್ನು ಇನ್ನೊಬ್ಬ ಹಿಡಿದ, ಆ ಇನ್ನೊಬ್ಬನನ್ನು ಅವನ ಹೆಂಡತಿ ಹಿಡಿದಳು. ಹೀಗೆ ಕೂಳಿಗಳೆಲ್ಲ ಮೇಲೆದ್ದು, ಕೇರಿಯ ಸಮಸ್ತರೂ ಕೈಗೆ ಕೈ ಜೋಡಿಸಿ ಹೊಳೆಯಲ್ಲಿ ನಿಂತಿರಲು, ಹಸಿದವರ ಮೊಣಕಾಲುಗಳ ನಡುವಿನಿಂದ ತಾಯಿಮೀನುಗಳು ಸಾಲುಸಾಲಾಗಿ ಮೇಲೇರಿದವು. ಬಾಗಿದರೆ ಬರಿಗೈಗೇ ಸಿಗುತ್ತಿದ್ದ ಅವುಗಳಿಗಾಗಿ ಒಬ್ಬರೂ ಬಾಗಲಿಲ್ಲ. ಇದನ್ನು ಬರೆಯುವಾಗಲೂ ಕಣ್ಣು ತುಂಬಿಬರುತ್ತದೆ.

ಸೂರ್ಯನು ಪಶ್ಚಿಮಾದ್ರಿಯನ್ನು ಸಮೀಪಿಸುತ್ತಿರಲು ಪ್ರವಾಹವು ತಾನೇ ಶಾಂತವಾಯಿತು. ಸರ್ವಾಭರಣಭೂಷಿತೆಯಾದ ನದೀದೇವತೆಯು ಜಲಮಧ್ಯದಲ್ಲಿ ಆವಿರ್ಭವಿಸಿ ಮೇಘಗಂಭೀರ ಸ್ವರದಿಂದ ನುಡಿದಳು: "ವತ್ಸೇ, ಹಸಿದ ಹೊಟ್ಟೆಯವರು ತುಂಬಿದ ಹೊಟ್ಟೆಯವರಿಗೆ ದಾರಿಬಿಟ್ಟುದನ್ನು ಕಂಡು ಸುಪ್ರೀತಳಾದೆನು. ನಿನ್ನ ದೃಷ್ಟಿಯನ್ನು ಮರಳಿ ಕೊಡುವೆನು, ಸ್ವೀಕರಿಸು."

ಮಾಳಬ್ಬೆ ಕೈಮುಗಿದಳು. "ನನ್ನ ಕಣ್ಣು ಬೇಕಾದಷ್ಟು ಕಂಡದೆ ತಾಯಿ. ನನ್ನ ಹಿಂದೆ ಇಲ್ಲಿ ಕೂರೋಳಿಗೂ ವಯಸ್ಸಾಗ್ತದೆ, ಅವಳ ಕಣ್ಣೂ ಮಂಜಾಗ್ತದೆ. ಅವಳ ಕೈ ತಪ್ಪದಂಗೆ ಮಾಡು, ಸಾಕು."

ದೇವಿಯು ಮಂದಹಾಸ ಬೀರಿ, "ತಪ್ಪದ ಕೈಯನ್ನು ನಾನು ಯಾರಿಗೂ ಕೊಟ್ಟವಳಲ್ಲ. ತಪ್ಪಿದವಳನ್ನು ಹಿಡಿದುಕೊಳ್ಳುವ ಕೇರಿಯನ್ನು ಕೊಡುವೆನು. ನೀನು ಕೈಯೂರಿದ ಶಿಲೆಯಲ್ಲಿ ನಾನು ನೆಲೆಸುವೆನು," ಎಂದು ಅಭಯವಿತ್ತು ಅಂತರ್ಧಾನಳಾದಳು.

ಮಾಳಬ್ಬೆ ಮತ್ತೊಮ್ಮೆ "ಹೋದರು" ಎಂದ ಮೇಲೆ ಇಳಿದ ಕೂಳಿಗಳು ಕೇರಿಯ ಹಸಿವನ್ನು ನೀಗಿಸಿದವು. ಅದೇ ಸಂಜೆ ಸೋವಕ್ಕ ಹೆಣ್ಣುಮಗುವನ್ನು ಹೆತ್ತಳು. ಕೂಸನ್ನು ಮೊದಲು ಮುಟ್ಟಿದ್ದು ಹೊಳೆಯ ವಾಸನೆ ಇನ್ನೂ ಆರದ ಆ ಅಜ್ಜಿಯ ಕೈ.

ಕೈಯಿಂದ ನೋಡುವವಳನ್ನು ಕಾಯುವ ಕೈನೋಟದಮ್ಮನೆಂದು ದೇವಿಯು ಪೂಜೆಗೊಳ್ಳುವ ಆ ಶಿಲೆಯ ಮೇಲೆ ಐದು ಬೆರಳುಗಳ ಕುಳಿಯನ್ನು ಯಾತ್ರಿಕರು ಇಂದಿಗೂ ದರ್ಶಿಸಬಹುದು. ತಡಿಕೆಯ ನಡುವಿನ ಸಂದಿಗೆ ತಾಯಿಬಾಗಿಲೆಂದು ಹೆಸರು. ಅಲ್ಲಿ ಯಾವ ಕಾಲದಲ್ಲೂ ಕೂಳಿಯಿಡುವುದಿಲ್ಲ. ಮೊದಲ ಕೆನ್ನೀರಿನ ಉತ್ಸವದಂದು ಕೇರಿಯ ಹಿರಿಯ ಹೆಂಗಸು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ಕುಳಿಯಲ್ಲಿ ಎಡಗೈಯಿಟ್ಟು, ಬಲಗೈಯನ್ನು ನೀರಿಗೆ ಚಾಚಿ ನಿಲ್ಲುತ್ತಾಳೆ, ತಾಯಿಮೀನುಗಳು ಹೋದವೆಂದು ಅವಳು ಹೇಳಿದಾಗ ಯಜಮಾನನು ಅವಳ ಸೊಂಟವನ್ನು ಹಿಡಿದುಕೊಂಡು, "ಕಣ್ಣಲ್ಲಿ ನೋಡಿದೆಯೋ, ಕೈಯಲ್ಲೋ?" ಎಂದು ಕೇಳುತ್ತಾನೆ. "ಕೈಯಲ್ಲಿ," ಎಂದು ಅವಳು ಹೇಳಿದ ಮೇಲೆಯೇ ಕೂಳಿಗಳು ಇಳಿಯುತ್ತವೆ.

ಕೈ ತಪ್ಪಿದ್ದುಂಟೇ ಎಂದು ಯಾತ್ರಿಕರು ಕೇಳುತ್ತಾರೆ. ಉಂಟು. ಮೊದಲ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಂಡರೆ ಕೂಳಿಗಳೆಲ್ಲ ಮಾತಿಲ್ಲದೆ ಮೇಲೇಳುತ್ತವೆ. ಆ ಹೆಂಗಸನ್ನು ಯಾರೂ ಗದರಿಸುವಂತಿಲ್ಲ. ಯಜಮಾನನು ಮತ್ತೆ ನೀರಿಗಿಳಿದು ಅವಳ ಸೊಂಟವನ್ನು ಹಿಡಿದು ನಿಲ್ಲುತ್ತಾನೆ.